ಫ್ಯಾನ್ ತಿರುಗುತ್ತದೆ, ಕಂಪ್ಯೂಟರ್ ಏಳುವುದಿಲ್ಲ: ಮದರ್‌ಬೋರ್ಡ್ ಬದಲಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ಅಂಕೋಲಾ ತಾಲೂಕಿನ ಬೇಲೆಕೇರಿ ಕಡೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. 2019ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಐ3 ಎಂಟನೇ ತಲೆಮಾರಿನ ಪ್ರೊಸೆಸರ್, 4 ಜಿಬಿಯ ಎರಡು ರ್ಯಾಮ್. ಮೊದಲು ಹಾರ್ಡ್ ಡಿಸ್ಕ್ ಒಂದೇ ಇತ್ತು. ಆಮೇಲೆ ಎಸ್‌ಎಸ್‌ಡಿ ಹಾಕಿಸಿದೆ, ಈಗ ವಿಂಡೋಸ್ ಅದರಲ್ಲಿದೆ. ಈ ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಮಾನಿಟರ್‌ನಲ್ಲಿ ಮಾತ್ರ 'ನೋ ಸಿಗ್ನಲ್'. ಐದಾರು ಸಲ ಆಫ್–ಆನ್ ಮಾಡಿದರೆ ಕೆಲವು ದಿನ ಏಳುತ್ತದೆ. ಎದ್ದ ದಿನ ಗಡಿಯಾರ 2018 ಅಂತ ತೋರಿಸುತ್ತದೆ, ಸರ್ಕಾರಿ ಸೈಟುಗಳು 'ಕನೆಕ್ಷನ್ ಸುರಕ್ಷಿತವಲ್ಲ' ಎನ್ನುತ್ತವೆ. ಕಳೆದ ವಾರ ಕಪ್ಪು ಪರದೆಯ ಮೇಲೆ 'ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್' ಅಂತ ಬಂತು. ರಿಪೇರಿಯವರು ನೋಡಿ ಮದರ್‌ಬೋರ್ಡ್ ಹೋಗಿದೆ, ವಿಂಡೋಸ್ ಕೂಡ ಫಾರ್ಮ್ಯಾಟ್ ಮಾಡಬೇಕು ಅಂದರು. ಟ್ಯಾಲಿ ಲೆಕ್ಕ ಎಲ್ಲ ಅದರಲ್ಲೇ ಇದೆ. ಏನು ಮಾಡಲಿ?

ಉತ್ತರ: ಮೊದಲು ಲೆಕ್ಕದ ವಿಷಯ. ಫಾರ್ಮ್ಯಾಟ್‌ಗೆ ಒಪ್ಪಬೇಡಿ. ನಿಮ್ಮ ತೊಂದರೆಗೂ ಫಾರ್ಮ್ಯಾಟ್‌ಗೂ ಸಂಬಂಧ ಇಲ್ಲ. 'ನೋ ಸಿಗ್ನಲ್' ಬರುವ ಹೊತ್ತಿಗೆ ಕಂಪ್ಯೂಟರ್ ಇನ್ನೂ ಡಿಸ್ಕಿನ ಹತ್ತಿರವೇ ಹೋಗಿರುವುದಿಲ್ಲ. ವಿಂಡೋಸ್‌ಗೆ ತಪ್ಪು ಮಾಡುವ ಅವಕಾಶವೇ ಸಿಕ್ಕಿಲ್ಲ. ಹಾಗಿರುವಾಗ ಅದನ್ನು ಅಳಿಸಿ ಮತ್ತೆ ಹಾಕಿ ಏನು ಪ್ರಯೋಜನ?

ಮದರ್‌ಬೋರ್ಡ್ ಹೋಗಿದೆ ಎಂದು ಇಷ್ಟು ಬೇಗ ಹೇಳಲೂ ಆಗುವುದಿಲ್ಲ. ನೀವು ಬರೆದದ್ದನ್ನು ಓದಿದರೆ ಇಲ್ಲಿ ಎರಡು ಬೇರೆ ಬೇರೆ ತೊಂದರೆ ಸೇರಿಕೊಂಡ ಹಾಗಿದೆ. ಪರದೆಗೆ ಏನೂ ಬಾರದೆ ನಿಲ್ಲುವುದು ಒಂದು. ಪರದೆ ಬಂದಮೇಲೆ ಡಿಸ್ಕ್ ಸಿಗಲಿಲ್ಲ ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡರೆ 'ಎಲ್ಲಾ ಹೋಗಿದೆ' ಎಂದೇ ಕಾಣುತ್ತದೆ. ಬಿಡಿಸಿ ನೋಡಿದರೆ ಮೊದಲನೆಯದು ಬಹುಶಃ ರ್ಯಾಮ್ ಕಾಂಟ್ಯಾಕ್ಟ್. ಎರಡನೆಯದು ಬಹುಶಃ ಒಂದು ಚಿಕ್ಕ ಸೆಲ್. ಬಹುಶಃ ಎಂದದ್ದು ಯಾಕೆಂದರೆ ನೋಡದೆ ಹೇಳುತ್ತಿದ್ದೇನೆ. ಖಚಿತ ಮಾಡಿಕೊಳ್ಳುವ ದಾರಿ ಕೆಳಗಿದೆ.

ಸ್ವಿಚ್ ಒತ್ತಿದಾಗ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ಬಟನ್ ಒತ್ತಿದ ಕೂಡಲೇ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ) ಎದ್ದು 12, 5 ಮತ್ತು 3.3 ವೋಲ್ಟ್ ಕೊಡಲು ಶುರುಮಾಡುತ್ತದೆ. ಫ್ಯಾನ್‌ಗೆ 12 ವೋಲ್ಟ್ ಸಿಕ್ಕರೆ ಸಾಕು, ತಿರುಗುತ್ತದೆ. ಅದಕ್ಕೆ ಪ್ರೊಸೆಸರ್ ಬೇಡ, ರ್ಯಾಮ್ ಬೇಡ. ವೋಲ್ಟೇಜ್ ಎಲ್ಲ ಸರಿಯಾಗಿ ನಿಂತಮೇಲೆ ಎಸ್‌ಎಂಪಿಎಸ್ ಬೋರ್ಡಿಗೆ 'ಪವರ್ ಗುಡ್' ಎಂಬ ಸಂಕೇತ ಕಳಿಸುತ್ತದೆ. ಇದೆಲ್ಲ ಸುಮಾರು ಅರ್ಧ ಸೆಕೆಂಡಿನ ಕೆಲಸ. ಆಮೇಲೆ ಪ್ರೊಸೆಸರ್ ಬಯಾಸ್ ಓದಲು ಶುರುಮಾಡುತ್ತದೆ. ಬಯಾಸ್ ಅಂದರೆ ಕಂಪ್ಯೂಟರನ್ನು ಎಬ್ಬಿಸಲು ಮದರ್‌ಬೋರ್ಡ್‌ನಲ್ಲೇ ಇಟ್ಟಿರುವ ಚಿಕ್ಕ ಪ್ರೋಗ್ರಾಂ. ಬಯಾಸ್ ಮೊದಲು ರ್ಯಾಮ್ ನೋಡುತ್ತದೆ, ನಂತರ ಡಿಸ್‌ಪ್ಲೇ, ಕೀಬೋರ್ಡ್, ಡಿಸ್ಕ್. ಕೊನೆಗೆ ಡಿಸ್ಕಿನಿಂದ ವಿಂಡೋಸ್ ಎತ್ತಿಕೊಳ್ಳುತ್ತದೆ.

ಈ ಸಾಲಿನಲ್ಲಿ ರ್ಯಾಮ್ ಡಿಸ್‌ಪ್ಲೇಗಿಂತ ಮುಂಚೆ ಬರುತ್ತದೆ, ನೋಡಿ. ರ್ಯಾಮ್ ಸಿಗದಿದ್ದರೆ 'ರ್ಯಾಮ್ ಸಿಗಲಿಲ್ಲ' ಎಂದು ಪರದೆಯ ಮೇಲೆ ಬರೆಯಲೂ ಕಂಪ್ಯೂಟರ್‌ಗೆ ಆಗುವುದಿಲ್ಲ. ಅದಕ್ಕೇ ಬೀಪ್ ಶಬ್ದ ಇಟ್ಟಿರುವುದು. ಫ್ಯಾನ್ ತಿರುಗಿತು, ಲೈಟ್ ಬಂತು ಅಂದರೆ ಸಾಲಿನ ಮೊದಲ ಮೆಟ್ಟಿಲಿನ ಅರ್ಧ ಆಯಿತು ಅಷ್ಟೇ.

ಈಗ ಮಳೆಗಾಲದ ವಿಷಯ. ಇದೇ ನಮ್ಮ ಕರಾವಳಿಯ ಮುಖ್ಯ ಕಾರಣ. ಸಮುದ್ರದ ಗಾಳಿಯಲ್ಲಿ ಉಪ್ಪಿನ ಸಣ್ಣ ಕಣ ಇರುತ್ತದೆ. ಅದು ಫ್ಯಾನ್ ಎಳೆದುಕೊಳ್ಳುವ ಗಾಳಿಯ ಜೊತೆ ಕ್ಯಾಬಿನೆಟ್ ಒಳಗೆ ಹೋಗಿ ಧೂಳಿನಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ಸುಮ್ನೆ ಇರುತ್ತದೆ. ಗಾಳಿಯ ತೇವ 75 ಶೇಕಡಾ ದಾಟಿದರೆ ಶುದ್ಧ ಉಪ್ಪೂ ನೀರು ಎಳೆದುಕೊಂಡು ಕರಗಲು ಶುರುವಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದಂತೂ 33 ಶೇಕಡಾ ತೇವಕ್ಕೇ ನೀರು ಕುಡಿಯುತ್ತದೆ. ಸಾಣಿಕಟ್ಟೆಯ ಉಪ್ಪು ಆಷಾಢದಲ್ಲಿ ಡಬ್ಬಿಯಲ್ಲೇ ನೀರು ಬಿಡುತ್ತದಲ್ಲ, ನಿಮ್ಮ ಕ್ಯಾಬಿನೆಟ್ ಒಳಗಿನ ಧೂಳಿನಲ್ಲೂ ಅದೇ ಆಗುತ್ತಿರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಿಂದ ಭಟ್ಕಳದ ತನಕ ತೇವ ದಿನಗಟ್ಟಲೆ 80ರ ಮೇಲೇ ಇರುತ್ತದೆ.

ಡಿಡಿಆರ್4 ರ್ಯಾಮ್ ಒಂದರಲ್ಲಿ 288 ಕಾಂಟ್ಯಾಕ್ಟ್ ಇವೆ. ಅವುಗಳಲ್ಲಿ ಒಂದೆರಡು ಸರಿಯಾಗಿ ತಾಗದಿದ್ದರೂ ಬಯಾಸ್ ಅಲ್ಲಿಗೇ ನಿಲ್ಲುತ್ತದೆ. ಮೇಲೆ ಚಿನ್ನದ ಲೇಪ ಇರುತ್ತದೆ, ಆದರೆ ಬಹಳ ತೆಳು. ಕೆಳಗೆ ನಿಕ್ಕಲ್, ಅದರ ಕೆಳಗೆ ತಾಮ್ರ. ಲೇಪ ಎಲ್ಲಾದರೂ ಕಿತ್ತಿದ್ದರೆ ಉಪ್ಪುನೀರು ಅಲ್ಲಿಂದ ಒಳಗೆ ಹೋಗಿ ಹಸಿರು, ಬಿಳಿ ಕಿಲುಬು ಹಿಡಿಸುತ್ತದೆ. ಐದಾರು ಸಲ ಆನ್ ಮಾಡಿದಾಗ ಏಳುವುದು ಯಾಕೆಂದರೆ, ಪ್ರತಿ ಸಲವೂ ಒಳಗೆ ಸ್ವಲ್ಪ ಬಿಸಿಯಾಗುತ್ತದೆ. ತೇವ ಆರುತ್ತದೆ, ಲೋಹ ಒಂದಿಷ್ಟು ಹಿಗ್ಗುತ್ತದೆ, ಕಾಂಟ್ಯಾಕ್ಟ್ ತಾಗುತ್ತದೆ. ಇಡೀ ರಾತ್ರಿ ತಣ್ಣಗಿದ್ದು ಬೆಳಿಗ್ಗೆಯೇ ಕೈಕೊಡುವುದಕ್ಕೂ ಇದು ಹೊಂದುತ್ತದೆ. ಸತ್ತ ಮದರ್‌ಬೋರ್ಡ್ ಸಾಮಾನ್ಯವಾಗಿ ಬೆಳಿಗ್ಗೆ, ಸಂಜೆ, ಮಳೆ, ಬಿಸಿಲು ಎಂದು ನೋಡುವುದಿಲ್ಲ. ಸತ್ತರೆ ಸತ್ತೇ ಇರುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಓದುಗರು ಉಪ್ಪಿನ ಮಾತು ಬಿಡಬಹುದು. ನಿಮ್ಮಲ್ಲಿ ಮಂಜು, ಥಂಡಿ ಮತ್ತು ಇರುವೆ. ಅಡಿಕೆಗೆ ಬೂಷ್ಟು ಹಿಡಿಯುವ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟರೆ ಅದಕ್ಕೂ ಹಿಡಿಯುತ್ತದೆ. ಎಸ್‌ಎಂಪಿಎಸ್ ಒಳಗೆ ಬೆಚ್ಚಗಿರುವುದರಿಂದ ಹಲ್ಲಿ ಹೋಗಿ ಕೂತು ಶಾರ್ಟ್ ಆಗುವುದೂ ಮಲೆನಾಡಿನಲ್ಲಿ ಹೊಸ ಸುದ್ದಿಯೇನಲ್ಲ.

ಇನ್ನು ಎರಡನೇ ತೊಂದರೆ. ಗಡಿಯಾರ 2018ಕ್ಕೆ ಹೋಗಿದೆ ಎಂದು ನೀವು ಬರೆದದ್ದೇ ದೊಡ್ಡ ಸುಳಿವು. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇದೆ, ಸಿಆರ್2032. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದು. ಸೆಲ್ ಸತ್ತರೆ ಗಡಿಯಾರ ಬೋರ್ಡ್ ತಯಾರಾದ ಕಾಲದ ಯಾವುದೋ ದಿನಾಂಕಕ್ಕೆ ಹೋಗಿ ನಿಲ್ಲುತ್ತದೆ. ದಿನಾಂಕ ತಪ್ಪಿದರೆ ಬ್ರೌಸರ್‌ಗೆ ಸೈಟುಗಳ ಭದ್ರತಾ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲದ ಹಾಗೆ ಕಾಣುತ್ತದೆ, ಬಾಗಿಲು ಹಾಕುತ್ತದೆ. ಸರ್ಕಾರಿ ಸೈಟು ತೆರೆಯದೇ ಇದ್ದದ್ದು ಅದಕ್ಕೇ. ಸೈಟಿನದ್ದೂ ತಪ್ಪಿಲ್ಲ, ಇಂಟರ್‌ನೆಟ್‌ನದ್ದೂ ತಪ್ಪಿಲ್ಲ.

ಸೆಲ್ ಸತ್ತಾಗ ಎಷ್ಟೋ ಬೋರ್ಡುಗಳು ಬಯಾಸ್ ಸೆಟ್ಟಿಂಗನ್ನೂ ಕಂಪನಿಯಿಂದ ಬಂದಾಗಿನ ಸ್ಥಿತಿಗೆ ತಂದುಬಿಡುತ್ತವೆ. ನಿಮ್ಮಲ್ಲಿ ಎರಡು ಡಿಸ್ಕ್ ಇವೆ. ಎಸ್‌ಎಸ್‌ಡಿ ಹಾಕಿದವರು ಅದನ್ನು ಮೊದಲು ನೋಡು ಎಂದು ಬಯಾಸ್‌ಗೆ ಹೇಳಿರುತ್ತಾರೆ. ಆ ಮಾತು ಅಳಿಸಿಹೋದರೆ ಬಯಾಸ್ ಹಳೆಯ ಹಾರ್ಡ್ ಡಿಸ್ಕಿಗೆ ಹೋಗುತ್ತದೆ. ಅಲ್ಲಿ ವಿಂಡೋಸ್ ಇಲ್ಲ. 'ಸರಿಯಾದ ಬೂಟ್ ಡಿವೈಸ್ ಆರಿಸು' ಎನ್ನುತ್ತದೆ. ಡಿಸ್ಕೂ ಸರಿ, ವಿಂಡೋಸೂ ಸರಿ, ದಾರಿ ಮಾತ್ರ ತಪ್ಪಿದೆ. ಇದಕ್ಕೆ ಫಾರ್ಮ್ಯಾಟ್ ಮಾಡಿಸಿದರೂ ಮುಂದಿನ ಸಲ ರಾತ್ರಿ ಕರೆಂಟ್ ಆಫ್ ಮಾಡಿದಾಗ ಅದೇ ಕತೆ.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪ್ಲಗ್‌ನಲ್ಲಿ ಕರೆಂಟ್ ಇದ್ದಷ್ಟು ಹೊತ್ತು, ಕಂಪ್ಯೂಟರ್ ಆಫ್ ಇದ್ದರೂ, ಗಡಿಯಾರಕ್ಕೆ ಎಸ್‌ಎಂಪಿಎಸ್‌ನ ಸ್ಟ್ಯಾಂಡ್‌ಬೈ ಕರೆಂಟ್ ಸಾಕಾಗುತ್ತದೆ. ರಾತ್ರಿ ಅಂಗಡಿಯ ಮೇನ್ ಸ್ವಿಚ್ ತೆಗೆದು ಹೋಗುವವರ ಸೆಲ್ ಪ್ರತಿ ರಾತ್ರಿ ಕೆಲಸ ಮಾಡುತ್ತದೆ, ಬೇಗ ಮುಗಿಯುತ್ತದೆ. ಹಾಗಂತ ಮೇನ್ ಸ್ವಿಚ್ ತೆಗೆಯುವುದನ್ನು ಬಿಡಬೇಡಿ. ಗುಡುಗು–ಸಿಡಿಲಿನ ಊರು ನಮ್ಮದು. ಮೂರ್ನಾಲ್ಕು ವರ್ಷಕ್ಕೊಮ್ಮೆ ಸೆಲ್ ಬದಲಿಸಿದರೆ ಆಯಿತು. ನೂರು ರೂಪಾಯಿ ಒಳಗೇ ಸಿಗುತ್ತದೆ, ವಾಚ್ ರಿಪೇರಿ ಅಂಗಡಿಯಲ್ಲೂ ಇರುತ್ತದೆ.

ಈಗ ಕೈಹಾಕೋಣ. ಕ್ಯಾಬಿನೆಟ್ ತೆರೆಯುವ ಮೊದಲು ಪ್ಲಗ್ ಕೀಳಿ. ಯುಪಿಎಸ್ ಆಫ್ ಮಾಡಿದರೆ ಸಾಲದು, ಕಂಪ್ಯೂಟರ್‌ನ ವೈರನ್ನೇ ಕಿತ್ತಿಡಿ. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ, ಉಳಿದ ಕರೆಂಟ್ ಇಳಿಯುತ್ತದೆ. ಒಳಗೆ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ನಿಂತಿರಬಹುದು, ಪ್ಲಗ್ ತೆಗೆದ ಮೇಲೂ.

ಮೊದಲು ಡಿಸ್ಕ್ ಎರಡನ್ನೂ ಬಿಚ್ಚಿ ಹೊರಗೆ ತೆಗೆಯಿರಿ. ಹೌದು, ರಿಪೇರಿಗಿಂತ ಮೊದಲು. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಬೇರೆ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಪೆನ್‌ಡ್ರೈವ್‌ನ ಹಾಗೆ ತೆರೆಯುತ್ತದೆ. ಹಳೆಯ ದೊಡ್ಡ ಹಾರ್ಡ್ ಡಿಸ್ಕಿಗೆ 12 ವೋಲ್ಟ್ ಬೇಕು, ಹಾಗಾಗಿ ಅಡಾಪ್ಟರ್ ಇರುವ ಕೇಸಿಂಗ್ ತನ್ನಿ. ಟ್ಯಾಲಿಯ ಡೇಟಾ ಫೋಲ್ಡರ್ ಯಾವ ಡಿಸ್ಕಿನಲ್ಲಿದೆ ಎಂದು ಹುಡುಕಿ ಪೂರ್ತಿ ಫೋಲ್ಡರ್ ಕಾಪಿ ಮಾಡಿ. ಆ ಕಂಪ್ಯೂಟರ್ 'ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು' ಎಂದರೆ ಕ್ಯಾನ್ಸಲ್ ಒತ್ತಿ. ರಿಕವರಿ ಕೀ ಕೇಳಿದರೆ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದೆ ಎಂದರ್ಥ. ಆ 48 ಅಂಕಿಯ ಕೀ ಸಾಮಾನ್ಯವಾಗಿ ವಿಂಡೋಸ್‌ಗೆ ಲಾಗಿನ್ ಆದ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತದೆ. ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿದರೆ ಕೂಡಲೇ ಪ್ಲಗ್ ತೆಗೆಯಿರಿ. ಅಂಥ ಡಿಸ್ಕನ್ನು ತಿರುಗಿಸಿದಷ್ಟೂ ಹಾಳಾಗುತ್ತದೆ. ಅದರ ಡೇಟಾ ನಿಮಗೆ ಎಷ್ಟು ಮುಖ್ಯ ಎಂದು ಯೋಚಿಸಿ ಡೇಟಾ ರಿಕವರಿಯವರ ಹತ್ತಿರವೇ ಹೋಗುವುದು ಒಳ್ಳೆಯದು.

ಲೆಕ್ಕ ಹೊರಗೆ ಬಂತು ಅಂದರೆ ಅರ್ಧ ತಲೆಬಿಸಿ ಹೋಯಿತು. ಇನ್ನು ನಿಧಾನವಾಗಿ ಕ್ಯಾಬಿನೆಟ್ ನೋಡಬಹುದು.

ರ್ಯಾಮ್ ಎರಡನ್ನೂ ತೆಗೆಯಿರಿ. ಸ್ಲಾಟಿನ ತುದಿಯ ಕ್ಲಿಪ್ ಹೊರಗೆ ತಳ್ಳಿದರೆ ಮೇಲೆ ಬರುತ್ತದೆ. ಕಾಂಟ್ಯಾಕ್ಟ್ ಸಾಲನ್ನು ಬೆಳಕಿಗೆ ಹಿಡಿದು ನೋಡಿ. ಮಂಕಾಗಿದೆಯೇ, ಕಲೆ ಇದೆಯೇ? ನಮ್ಮ ಕಡೆ ಎಲ್ಲರೂ ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ಪ್ರತಿ ಮಳೆಗಾಲ ಗಸಗಸ ಉಜ್ಜಿದರೆ ಆ ತೆಳು ಚಿನ್ನ ಹೋಗಿ ಮುಂದಿನ ಸಲ ಕಿಲುಬು ಬೇಗ ಹಿಡಿಯುತ್ತದೆ. ನಾನು ಹೇಳುವುದು ಐಸೊಪ್ರೊಪೈಲ್ ಆಲ್ಕೋಹಾಲ್. ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ ಐಪಿಎ ಎಂದರೆ ಕೊಡುತ್ತಾರೆ. ನೂಲು ಬಿಡದ ಬಟ್ಟೆಗೆ ಹಾಕಿ ಒರೆಸಿ, ಐದು ನಿಮಿಷ ಆರಲು ಬಿಡಿ. ರಬ್ಬರ್ ಬಿಟ್ಟರೆ ಗತಿ ಇಲ್ಲ ಎಂದಾದರೆ ಬಿಳಿ ಮೆತ್ತನೆಯದು ತಗೊಂಡು ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆಯಿರಿ, ಪುಡಿ ಪೂರ್ತಿ ಒರೆಸಿ. ಪೆಟ್ರೋಲ್, ಥಿನ್ನರ್, ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಯಾವುದೂ ಬೇಡ.

ಸ್ಲಾಟಿಗೆ ಬಾಯಿಂದ ಊದಬೇಡಿ ಮಾರಾಯ್ರೆ. ಎಲ್ಲರೂ ಮಾಡುವುದು ಅದನ್ನೇ. ಬಾಯಿಯ ಗಾಳಿಯಲ್ಲಿ ತೇವ ಮತ್ತು ಎಂಜಲು ಎರಡೂ ಇರುತ್ತವೆ. ಬ್ಲೋವರ್ ಇದ್ದರೆ ಬಳಸಿ, ಊದುವಾಗ ಫ್ಯಾನ್‌ಗಳನ್ನು ಬೆರಳಿನಿಂದ ಹಿಡಿದುಕೊಳ್ಳಿ. ಇಲ್ಲದಿದ್ದರೆ ಮೆತ್ತನೆಯ ಪೇಂಟ್ ಬ್ರಷ್ ಸಾಕು. ಧೂಳಿನ ಜೊತೆ ಉಪ್ಪೂ ಹೋಗುತ್ತದೆ ಎಂಬುದು ನೆನಪಿರಲಿ, ಹಾಗಾಗಿ ಮೂಲೆ ಮೂಲೆ ಬಿಡಬೇಡಿ. ಆಮೇಲೆ ಕ್ಯಾಬಿನೆಟ್ ತೆರೆದೇ ಇಟ್ಟು ಒಂದು ರಾತ್ರಿ ಟೇಬಲ್ ಫ್ಯಾನ್ ಗಾಳಿ ಕೊಡಿ, ಹತ್ತಿರ ಹಳೆಯ ಕಾಲದ 60 ವಾಟ್ ಬಲ್ಬ್ ಉರಿದರೆ ಇನ್ನೂ ಒಳ್ಳೆಯದು. ಹೇರ್ ಡ್ರೈಯರ್ ಹಿಡಿಯುವುದಾದರೆ ತಣ್ಣನೆಯ ಗಾಳಿ ಮಾತ್ರ.

ಅದೇ ಹೊತ್ತಿಗೆ ಹಳೆ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹೊಸದು ಹಾಕಿ. ಅಕ್ಷರ ಬರೆದ ಬದಿ ಮೇಲಿರಬೇಕು. ಮಲ್ಟಿಮೀಟರ್ ಇದ್ದರೆ ಹಳೆಯದನ್ನು ಅಳೆಯಿರಿ. ಹೊಸದು 3 ವೋಲ್ಟ್ ಮೇಲಿರುತ್ತದೆ. ನಿಮ್ಮದು 2.7ಕ್ಕಿಂತ ಕೆಳಗಿದ್ದರೆ ಅನುಮಾನ ಖಚಿತ.

ಈಗ ಬರುವ ಪರೀಕ್ಷೆ ನನಗೆ ಬಹಳ ಇಷ್ಟ, ಏಕೆಂದರೆ 'ಮದರ್‌ಬೋರ್ಡ್ ಹೋಗಿದೆ' ಎನ್ನುವ ಮಾತಿಗೆ ಇದು ನೇರ ಉತ್ತರ ಕೊಡುತ್ತದೆ. ಅಸೆಂಬಲ್ಡ್ ಕ್ಯಾಬಿನೆಟ್‌ಗಳಲ್ಲಿ ಈಗ ಬೀಪ್ ಸ್ಪೀಕರ್ ಇರುವುದೇ ಇಲ್ಲ. ಮದರ್‌ಬೋರ್ಡ್‌ಗೆ ಚುಚ್ಚುವ ಚಿಕ್ಕ ಬಝರ್ ಬಹಳ ಅಗ್ಗ, ಒಂದು ತರಿಸಿಕೊಳ್ಳಿ. ಬೋರ್ಡಿನ ಅಂಚಿನಲ್ಲಿ ಸ್ಪೀಕರ್ ಎಂದು ಬರೆದ ಪಿನ್‌ಗಳಿಗೆ ಚುಚ್ಚಿ. ರ್ಯಾಮ್ ಒಂದನ್ನೂ ಹಾಕದೆ ಆನ್ ಮಾಡಿ. ಬೀಪ್ ಬೀಪ್ ಎಂದು ಕೂಗಿತೇ? ಹಾಗಾದರೆ ಪ್ರೊಸೆಸರ್ ಜೀವಂತ ಇದೆ, ಬಯಾಸ್ ಓದುತ್ತಿದೆ, ರ್ಯಾಮ್ ಇಲ್ಲ ಎಂದು ದೂರು ಹೇಳುತ್ತಿದೆ. ಬೋರ್ಡಿನ ಮುಖ್ಯ ಭಾಗ ಕೆಲಸ ಮಾಡುತ್ತಿದೆ. ಆ ಶಬ್ದ ಫೋನ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ರಿಪೇರಿಯವರಿಗೆ ಕೇಳಿಸಬಹುದು. ಕೆಲವು ಬೋರ್ಡುಗಳಲ್ಲಿ ಬೀಪ್ ಬದಲು ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಚಿಕ್ಕ ಎಲ್‌ಇಡಿ ಇರುತ್ತವೆ. ಯಾವುದು ಆರದೆ ಉರಿಯುತ್ತದೋ ಅಲ್ಲಿ ನಿಂತಿದೆ ಎಂದರ್ಥ. ಎಷ್ಟು ಬೀಪ್‌ಗೆ ಏನು ಅರ್ಥ ಎಂಬುದು ಬಯಾಸ್ ಮಾಡಿದ ಕಂಪನಿಗೆ ತಕ್ಕಂತೆ ಬದಲಾಗುತ್ತದೆ, ಬೋರ್ಡಿನ ಮ್ಯಾನುವಲ್ ನೋಡಿ.

ಬೀಪ್ ಬಂದರೆ ಪ್ಲಗ್ ತೆಗೆದು ಒಂದೇ ರ್ಯಾಮ್ ಹಾಕಿ. ಎರಡೂ ಬದಿ ಟಕ್ ಎನ್ನುವ ತನಕ ಒತ್ತಬೇಕು. ಹೆದರಿ ಅರ್ಧಕ್ಕೆ ಬಿಡುವವರೇ ಜಾಸ್ತಿ. ಆನ್ ಮಾಡಿ ನೋಡಿ. ಬರದಿದ್ದರೆ ಅದೇ ರ್ಯಾಮ್ ಇನ್ನೊಂದು ಸ್ಲಾಟಿಗೆ. ಆಮೇಲೆ ಎರಡನೇ ರ್ಯಾಮ್ ಹೀಗೆಯೇ. ಒಂದು ರ್ಯಾಮ್ ಎರಡೂ ಸ್ಲಾಟಿನಲ್ಲಿ ಕೈಕೊಟ್ಟರೆ ರ್ಯಾಮ್ ಹೋಗಿದೆ. ಎರಡೂ ರ್ಯಾಮ್ ಒಂದೇ ಸ್ಲಾಟಿನಲ್ಲಿ ಕೈಕೊಟ್ಟರೆ ಸ್ಲಾಟ್ ಹೋಗಿದೆ, ಇನ್ನೊಂದು ಸ್ಲಾಟಿನಲ್ಲಿ 8 ಜಿಬಿಯ ಒಂದೇ ರ್ಯಾಮ್ ಹಾಕಿ ಕೆಲಸ ನಡೆಸಬಹುದು. ಅದಕ್ಕಾಗಿ ಬೋರ್ಡ್ ಬದಲಿಸುವುದು ವ್ಯರ್ಥ.

ಈ ಪರೀಕ್ಷೆ ಮಾಡುವಾಗ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ ಎಲ್ಲ ಕಿತ್ತಿಡಿ. ಕ್ಯಾಬಿನೆಟ್ ಮುಂದಿನ ಯುಎಸ್‌ಬಿ ಪೋರ್ಟಿನ ವೈರನ್ನೂ ಬೋರ್ಡಿನಿಂದ ತೆಗೆಯಿರಿ. ಜೆರಾಕ್ಸ್ ಅಂಗಡಿಯಲ್ಲಿ ಇದನ್ನು ಮರೆಯಲೇಬಾರದು. ದಿನವಿಡೀ ಊರಿನವರ ಪೆನ್‌ಡ್ರೈವ್ ಅದೇ ಪೋರ್ಟಿಗೆ ಹೋಗಿ ಬಂದು ಒಳಗಿನ ನಾಲಿಗೆ ಬಾಗಿರುತ್ತದೆ, ಕಿಲುಬೂ ಹಿಡಿದಿರುತ್ತದೆ. ಆ ಪೋರ್ಟ್ ಶಾರ್ಟ್ ಆದರೂ ಕೆಲವು ಬೋರ್ಡುಗಳು ಮುಂದೆ ಹೋಗಲು ಒಪ್ಪುವುದಿಲ್ಲ. ಮಾನಿಟರ್ ಕೇಬಲ್ಲನ್ನೂ ಒಮ್ಮೆ ಬೇರೆಯದು ಹಾಕಿ ನೋಡಿ. ಕ್ಯಾಪ್ಸ್ ಲಾಕ್ ಒತ್ತಿದಾಗ ಕೀಬೋರ್ಡಿನ ಲೈಟ್ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಎದ್ದಿದೆ, ಚಿತ್ರ ಮಾತ್ರ ಬರುತ್ತಿಲ್ಲ ಎಂದು ತಿಳಿಯಿರಿ.

ಪರದೆ ಬಂತು ಎಂದಿಟ್ಟುಕೊಳ್ಳಿ. ಆಫ್ ಮಾಡಿ, ಪ್ಲಗ್ ತೆಗೆದು ಎಸ್‌ಎಸ್‌ಡಿ ಒಂದನ್ನೇ ಜೋಡಿಸಿ. ಹಾರ್ಡ್ ಡಿಸ್ಕ್ ಈಗಲೇ ಬೇಡ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಟಕಟಕ ಒತ್ತುತ್ತಾ ಇರಿ, ಬಯಾಸ್ ತೆರೆಯುತ್ತದೆ. ದಿನಾಂಕ ಸರಿಮಾಡಿ. ಡಿಸ್ಕ್ ಪಟ್ಟಿಯಲ್ಲಿ ಎಸ್‌ಎಸ್‌ಡಿ ಹೆಸರು ಇದೆಯೇ ನೋಡಿ. ಇದ್ದರೆ ಬೂಟ್ ಸಾಲಿನಲ್ಲಿ ಅದನ್ನೇ ಮೊದಲಿಗೆ ತನ್ನಿ. 'ವಿಂಡೋಸ್ ಬೂಟ್ ಮ್ಯಾನೇಜರ್' ಎಂಬ ಹೆಸರು ಕಂಡರೆ ಅದನ್ನೇ ಆರಿಸಿ, ಸೇವ್ ಮಾಡಿ. ಹೆಸರೇ ಇಲ್ಲದಿದ್ದರೆ ಡಿಸ್ಕಿನಿಂದ ಬೋರ್ಡಿಗೆ ಹೋಗುವ ಸಾಟಾ ಕೇಬಲ್ ಬದಲಿಸಿ, ಬೇರೆ ಪೋರ್ಟಿಗೆ ಚುಚ್ಚಿ. ಆಗಲೂ ಇಲ್ಲವೆಂದರೆ ಎಸ್‌ಎಸ್‌ಡಿ ಹೋಗಿರಬಹುದು. ಹಾರ್ಡ್ ಡಿಸ್ಕ್ ಸಾಯುವ ಮೊದಲು ಸದ್ದಾದರೂ ಮಾಡುತ್ತದೆ, ಎಸ್‌ಎಸ್‌ಡಿ ಅದೂ ಇಲ್ಲದೆ ಹೋಗುತ್ತದೆ.

ಹೆಸರು ಇದೆ, ಮೊದಲಿಗೆ ತಂದೂ ಆಯಿತು, ಆದರೂ ಏಳುತ್ತಿಲ್ಲ ಎಂದರೆ ಇನ್ನೆರಡು ಸೆಟ್ಟಿಂಗ್ ನೋಡಬೇಕು. ಒಂದು ಸಿಎಸ್‌ಎಂ. ಹಳೆಯ ರೀತಿಯಲ್ಲಿ ಹಾಕಿದ ವಿಂಡೋಸ್‌ಗೆ ಇದು ಆನ್ ಇರಬೇಕು, ಹೊಸ ಯುಇಎಫ್‌ಐ ರೀತಿಯದಕ್ಕೆ ಬೇಕಿಲ್ಲ. ಊರಿನಲ್ಲಿ ಹಳೆ ಪೆನ್‌ಡ್ರೈವ್‌ನಿಂದ ಹಾಕಿದ ವಿಂಡೋಸ್ ಎಷ್ಟೋ ಸಲ ಹಳೆ ರೀತಿಯದೇ ಆಗಿರುತ್ತದೆ. ಒಮ್ಮೆ ಬದಲಿಸಿ ನೋಡಿ, ಆಗದಿದ್ದರೆ ಮೊದಲಿನಂತೆ ಮಾಡಿ. ಇದರಿಂದ ಡೇಟಾಗೆ ಏನೂ ಆಗುವುದಿಲ್ಲ. ಇನ್ನೊಂದು ಸಾಟಾ ಮೋಡ್, ಸಾಮಾನ್ಯವಾಗಿ ಎಎಚ್‌ಸಿಐ ಇರಬೇಕು. ಇದು ತಪ್ಪಿದ್ದರೆ ವಿಂಡೋಸ್ ಲೋಗೋ ಬಂದು ನೀಲಿ ಪರದೆಯಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎನ್ನುತ್ತದೆ.

ವಿಂಡೋಸ್ ಲೋಗೋ ಬಂದು ಅಲ್ಲೇ ಸುತ್ತುತ್ತಿದ್ದರೆ ಅದು ಮೂರನೇ ವಿಷಯ. ಶುರುವಾಗುವಾಗ ಎರಡು–ಮೂರು ಸಲ ಅರ್ಧಕ್ಕೇ ನಿಂತರೆ ವಿಂಡೋಸ್ ತಾನೇ ರಿಪೇರಿ ಪುಟ ತೆರೆಯುತ್ತದೆ. ಅಲ್ಲಿ ಸ್ಟಾರ್ಟಪ್ ರಿಪೇರ್ ಕೊಡಿ. ಆಗದಿದ್ದರೆ ಸೇಫ್ ಮೋಡ್. 'ಹೇಗೂ ಬಿಚ್ಚಿದ್ದೀವಲ್ಲ, ವಿಂಡೋಸ್ 11 ಹಾಕಿಬಿಡೋಣ' ಎಂದು ಯಾರಾದರೂ ಹೇಳಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎಂಟನೇ ತಲೆಮಾರಿನ ಐ3ಗೆ 11 ಹಾಕಲೂ ಬರುತ್ತದೆ. ಜನರ ಆಧಾರ್, ಪಹಣಿ ಓಡಾಡುವ ಕಂಪ್ಯೂಟರ್‌ಗೆ ಅದು ಬೇಕೂ ಹೌದು. ಆದರೆ ಈ ತೊಂದರೆ ಮುಗಿದು ಎರಡು ವಾರ ಸರಿಯಾಗಿ ನಡೆದಮೇಲೆ ಮಾಡಿಸಿ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಮತ್ತೆ ನಿಂತಾಗ ಯಾವುದರಿಂದ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ರ್ಯಾಮ್ ಒರೆಸಿ, ಸೆಲ್ ಹಾಕಿ, ಎಲ್ಲ ಕಿತ್ತಿಟ್ಟು ನೋಡಿದರೂ ಬೆಳಿಗ್ಗೆ ಹಾಗೇ ನಿಂತರೆ ನನ್ನ ಮುಂದಿನ ಅನುಮಾನ ಎಸ್‌ಎಂಪಿಎಸ್ ಮೇಲೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಅನ್ನು ನಾನು ಐದಾರು ವರ್ಷದ ಮೇಲೆ ನಂಬುವುದಿಲ್ಲ. ಒಳಗಿನ ಕೆಪಾಸಿಟರ್ ಹಳೆಯದಾದರೆ ತಣ್ಣಗಿದ್ದಾಗ ಸರಿಯಾದ ವೋಲ್ಟೇಜ್ ಕೊಡುವುದಿಲ್ಲ, ಬಿಸಿಯಾದಮೇಲೆ ಕೊಡುತ್ತದೆ. ಅಂದರೆ ಇದೂ ರ್ಯಾಮ್ ತೊಂದರೆಯ ಹಾಗೇ ಕಾಣುತ್ತದೆ. ವ್ಯತ್ಯಾಸ ಎಲ್ಲಿ ಎಂದರೆ, ಎಸ್‌ಎಂಪಿಎಸ್ ಕಾರಣವಾದರೆ ರ್ಯಾಮ್ ಮುಟ್ಟದೆ ಹತ್ತು ನಿಮಿಷ ಹಾಗೇ ಆನ್ ಇಟ್ಟು ಕ್ಯಾಬಿನೆಟ್‌ನ ರೀಸೆಟ್ ಬಟನ್ ಒತ್ತಿದರೆ ಎಷ್ಟೋ ಸಲ ಏಳುತ್ತದೆ. ಫ್ಯಾನ್ ಒಮ್ಮೆ ತಿರುಗಿ ನಿಂತು ಮತ್ತೆ ತಿರುಗುವುದೂ ಅದರದೇ ಲಕ್ಷಣ. ಮಲ್ಟಿಮೀಟರ್ ಗೊತ್ತಿದ್ದವರು ಹಳೆ ನಾಲ್ಕು ಪಿನ್ ಕನೆಕ್ಟರ್‌ನಲ್ಲಿ ಅಳೆಯಬಹುದು. ಹಳದಿ ವೈರಿನಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಅಳತೆ ಸರಿ ಬಂದರೂ ಒಳಗಿನ ಏರಿಳಿತ ಮೀಟರ್‌ಗೆ ಕಾಣದೇ ಇರಬಹುದು. ಬೇರೆ ಎಸ್‌ಎಂಪಿಎಸ್ ಎರವಲು ತಂದು ಹಾಕಿ ನೋಡುವುದೇ ನಿಜವಾದ ಪರೀಕ್ಷೆ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆಯೇ ಎಂದೂ ಗಮನಿಸಿ. ಹಾಗಿದ್ದರೆ ಅಂಗಡಿಗೆ ಅರ್ಥಿಂಗ್ ಸರಿ ಇಲ್ಲ. ಚಿರೆಕಲ್ಲಿನ ನೆಲದಲ್ಲಿ ಅರ್ಥಿಂಗ್ ನಿಲ್ಲುವುದು ಕಷ್ಟ, ಬೇಸಿಗೆಯಲ್ಲಂತೂ ಇನ್ನೂ ಕಷ್ಟ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಅದನ್ನು ಬಿಟ್ಟು ಹೊಸ ಬೋರ್ಡ್ ಹಾಕಿದರೆ ಅದಕ್ಕೂ ಅದೇ ಗತಿ.

ಮಳೆಗಾಲದಲ್ಲಿ ಅಂಗಡಿ ಮುಚ್ಚಿದ ದಿನವೂ ಕಂಪ್ಯೂಟರ್ ಒಂದು ಗಂಟೆ ಓಡಿಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಡುತ್ತಾರೆ ಕೆಲವರು. ಗಾಳಿಯಾಡುವ ಕ್ಯಾಬಿನೆಟ್‌ನಲ್ಲಿ ಅದು ಎರಡು ದಿನಕ್ಕೇ ತಣಿದುಬಿಡುತ್ತದೆ, ಸುಮ್ನೆ ಸಮಾಧಾನಕ್ಕೆ ಅಷ್ಟೇ. ರಾತ್ರಿ ಪ್ಲಗ್ ತೆಗೆಯುವಾಗ ಇಂಟರ್‌ನೆಟ್ ಕೇಬಲ್ಲನ್ನೂ ತೆಗೆಯಿರಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಇಷ್ಟಾದಮೇಲೂ ರ್ಯಾಮ್ ಇಲ್ಲದೆ ಬೀಪ್ ಬರಲಿಲ್ಲ, ಬೇರೆ ಎಸ್‌ಎಂಪಿಎಸ್ ಹಾಕಿದರೂ ಬರಲಿಲ್ಲ ಎಂದರೆ ಆಗ ಬೋರ್ಡ್ ಅನುಮಾನಿಸಿ. ಎಂಟನೇ ತಲೆಮಾರಿನ ಬೋರ್ಡ್ ಹೊಸದು ಸಿಗುವುದು ಈಗ ಕಷ್ಟ, ಸೆಕೆಂಡ್ ಹ್ಯಾಂಡ್ ಆದರೆ ಗ್ಯಾರಂಟಿ ಬರೆಸಿಕೊಳ್ಳಿ, ಹಳೆ ಬೋರ್ಡ್ ವಾಪಸ್ ಕೇಳಿ. ರಿಪೇರಿಯವರನ್ನು ಎರಡು ಪ್ರಶ್ನೆ ಕೇಳಿ: ಬೇರೆ ರ್ಯಾಮ್ ಹಾಕಿ ನೋಡಿದ್ರಾ? ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದ್ರಾ? ಸರಿಯಾಗಿ ಕೆಲಸ ಮಾಡುವವರಿಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ. ಹುಬ್ಬಳ್ಳಿಗೇ ಒಯ್ಯುವುದಾದರೆ ಕ್ಯಾಬಿನೆಟ್ ಅನ್ನು ಬಸ್ಸಿನ ಡಿಕ್ಕಿಗೆ ಹಾಕದೆ ಪಕ್ಕದಲ್ಲೇ ಮಲಗಿಸಿ ಇಟ್ಟುಕೊಳ್ಳಿ, ಅರಬೈಲ್ ಘಾಟಿಯ ತಿರುವುಗಳಲ್ಲಿ ಸಡಿಲ ಇದ್ದದ್ದೆಲ್ಲ ಇನ್ನೂ ಸಡಿಲ ಆಗುತ್ತದೆ. ಡಿಸ್ಕ್ ಎರಡೂ ಮನೆಯಲ್ಲೇ ಇರಲಿ. ಬೋರ್ಡ್ ಪರೀಕ್ಷೆಗೆ ಅವು ಬೇಕಾಗುವುದಿಲ್ಲ, ಅವರ ಹತ್ತಿರ ಇರುವ ಬೂಟ್ ಪೆನ್‌ಡ್ರೈವ್ ಸಾಕು.